ಹಾಲಿನ ಲೆಕ್ಕದ ಕೆಳಗೊಂದು ಚುಕ್ಕಿ

(ಸಿಂಧನೂರಿನ ಒಂದು ಪದವಿ ಕಾಲೇಜಿನಲ್ಲಿ ವಿದ್ಯಾರ್ಥಿನಿಯರ ಎದುರು ಆಡಿದ ಮಾತುಗಳು. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿ, ಕೊನೆಯಲ್ಲಿ ಬಂದ ಪ್ರಶ್ನೆಗಳನ್ನು ಸೇರಿಸಿಕೊಂಡು ಬರೆದಿದ್ದೇನೆ.)

ನನ್ನನ್ನು ಪರಿಚಯಿಸಿದ ಮೇಡಂ 'ಆರೋಗ್ಯ ಇಲಾಖೆಯಲ್ಲಿ ಸುದೀರ್ಘ ಸೇವೆ' ಎಂದರು. ಅಷ್ಟು ಭಾರದ ಮಾತೇನೂ ಬೇಡ. ನಾನು ಉಪಕೇಂದ್ರದ ನರ್ಸ್ ಆಗಿದ್ದವಳು. ಈ ಜಿಲ್ಲೆಯ ಹಳ್ಳಿಗಳಲ್ಲಿ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು, ಕಂಕುಳಲ್ಲಿ ರಿಜಿಸ್ಟರ್ ಇಟ್ಟುಕೊಂಡು ಮೂವತ್ತು ವರ್ಷ ಬಿಸಿಲಲ್ಲಿ ತಿರುಗಿದ್ದೇನೆ. ಅಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಒಂದೇ: 'ಕೊನೆಯ ಸಲ ಮುಟ್ಟಾದದ್ದು ಯಾವಾಗ?'

ಈ ಪದ ಕೇಳಿದ ಕೂಡಲೇ ಮೈಕ್ ನೋಡಿಕೊಳ್ಳುತ್ತಿರುವ ಹುಡುಗ ಬಾಗಿಲ ಕಡೆ ಹೊರಟ. ಇರಪ್ಪ, ಕೂತುಕೋ. ನಿನಗೂ ಅವ್ವ ಇದ್ದಾಳೆ, ನಾಳೆ ಮನೆಗೆ ಹೆಂಡತಿ ಬರುತ್ತಾಳೆ.

ಗರ್ಭಿಣಿಯ ಹೆಸರನ್ನು ನೋಂದಾಯಿಸುವಾಗ ಮೊದಲು ಬೇಕಾಗುವುದೇ ಆ ತಾರೀಖು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಏಳು ದಿನ, ಒಂಬತ್ತು ತಿಂಗಳು ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಲೆಕ್ಕ ಸುಲಭ. ತಾರೀಖು ಹೇಳುವವರು ಯಾರು? 2000ನೇ ಇಸವಿಯಲ್ಲಿ ಒಬ್ಬ ಹೆಣ್ಣುಮಗಳು ನನ್ನ ಮುಂದೆ ಕುಳಿತು ಬಹಳ ಹೊತ್ತು ಯೋಚಿಸಿ, 'ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದೆವಲ್ಲ ಅಕ್ಕಾವರೇ, ಅದರ ಮರುದಿನ' ಎಂದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಆ ವರ್ಷ ಎಳ್ಳಮಾವಾಸ್ಯೆ ಜನವರಿ 6. ಮರುದಿನ 7. ಅಂದರೆ ಹೆರಿಗೆ ಅಕ್ಟೋಬರ್ 14ರ ಆಸುಪಾಸು. ಅಂಥ ಉತ್ತರ ಸಿಕ್ಕಿದ ದಿನ ನನಗೆ ಹಬ್ಬ. ಮಿಕ್ಕವರದು 'ಜೋಳ ಕೊಯ್ಯುವಾಗ', 'ಕಾಲುವೆಗೆ ನೀರು ಬಿಟ್ಟಾಗ', 'ನಮ್ಮ ಅತ್ತೆ ಊರಿಗೆ ಹೋಗಿದ್ದರಲ್ಲ, ಆವಾಗ'. ಅವರ ಅತ್ತೆ ಯಾವಾಗ ಊರಿಗೆ ಹೋಗಿದ್ದರು ಎಂದು ನಾನೆಲ್ಲಿ ಹುಡುಕಲಿ?

ಅದೇ ಹೆಣ್ಣುಮಕ್ಕಳಿಗೆ ತಮ್ಮ ಎಮ್ಮೆ ಬೆದೆಗೆ ಬಂದ ದಿನ ಬಾಯಲ್ಲಿರುತ್ತಿತ್ತು. ಹೋದ ಮಂಗಳವಾರ ಬಂದಿತ್ತು, ನಿಲ್ಲಲಿಲ್ಲ, ಇಪ್ಪತ್ತೊಂದು ದಿನಕ್ಕೆ ಮತ್ತೆ ಬರುತ್ತದೆ, ಆ ದಿನ ಪಶು ಆಸ್ಪತ್ರೆಯವರಿಗೆ ಹೇಳಿಟ್ಟಿರಬೇಕು ಎಂದು ಬೆರಳು ಮಡಚಿ ಎಣಿಸುತ್ತಿದ್ದರು. ಹಾಲಿನ ಲೆಕ್ಕ ಕ್ಯಾಲೆಂಡರಿನ ಮೇಲೆ, ಸಂಘದ ಕಂತು ಪಾಸ್‌ಬುಕ್ಕಿನಲ್ಲಿ, ನಾಟಿ ಕೂಲಿಯ ಲೆಕ್ಕ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ. ತನ್ನ ಮೈಯ ಲೆಕ್ಕ ಮಾತ್ರ ಎಲ್ಲಿಯೂ ಇಲ್ಲ. ನೀವು ಪದವಿ ಓದುತ್ತಿರುವವರು, ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ಆದರೂ ಈಗ ಕಣ್ಣು ಮುಚ್ಚಿ, ಹಿಂದಿನ ಮೂರು ಸಲದ ತಾರೀಖು ಹೇಳಬಲ್ಲವರು ಕೈ ಎತ್ತಿ ಎಂದರೆ (ಎಣಿಸಿದೆ, ಏಳು ಕೈ) ಇಷ್ಟೇ.

ಮೊದಲು ಎಣಿಸುವುದನ್ನು ಸರಿಮಾಡಿಕೊಳ್ಳೋಣ. ಸ್ರಾವ ಶುರುವಾದ ದಿನ ಒಂದನೇ ದಿನ. ನಿಂತ ದಿನದಿಂದ ಎಣಿಸಬಾರದು. ಅಲ್ಲಿಂದ ಮುಂದಿನ ಸಲ ಶುರುವಾಗುವ ಹಿಂದಿನ ದಿನದವರೆಗೆ ಒಂದು ಚಕ್ರ. ಇಪ್ಪತ್ತೆಂಟು ದಿನ ಎಂದು ಪುಸ್ತಕದಲ್ಲಿದೆ, ಅದು ಸರಾಸರಿ. ಬೆಳೆದ ಹೆಂಗಸಿಗೆ 24ರಿಂದ 38 ದಿನದೊಳಗೆ ಎಷ್ಟಿದ್ದರೂ ಸಹಜ. ಮೈನೆರೆದ ಮೊದಲ ಕೆಲವು ವರ್ಷ 45 ದಿನದವರೆಗೂ ಹೋಗಬಹುದು. ಒಂದು ಭಯವನ್ನು ನಾನು ನೂರಾರು ಸಲ ಕೇಳಿದ್ದೇನೆ: 'ಅಕ್ಕಾ, ನನಗೆ ಈ ತಿಂಗಳು ಎರಡು ಸಲ ಆಯಿತು.' ಜನವರಿ 5ಕ್ಕೆ ಆಯಿತು ಎನ್ನಿ. ಇಪ್ಪತ್ತೆಂಟು ದಿನದ ಚಕ್ರವಾದರೆ ಮುಂದಿನದು ಫೆಬ್ರುವರಿ 2. ಅಧಿಕ ವರ್ಷವಲ್ಲದಿದ್ದರೆ ಅದರ ಮುಂದಿನದು ಮಾರ್ಚ್ 2, ಆಮೇಲೆ ಮಾರ್ಚ್ 30. ಒಂದೇ ತಿಂಗಳಲ್ಲಿ ಎರಡು! ಮೈ ಒಂದು ದಿನವೂ ತಪ್ಪಿಲ್ಲ, ಮಾರ್ಚ್ ತಿಂಗಳು ಉದ್ದವಿತ್ತು, ಅಷ್ಟೇ. ಬರೆದಿಟ್ಟುಕೊಂಡವಳು ಇದನ್ನು ಕಂಡು ನಗುತ್ತಾಳೆ, ಬರೆಯದವಳು ನಿದ್ದೆಗೆಡುತ್ತಾಳೆ.

ಒಳಗೆ ಏನಾಗುತ್ತದೆ ಎಂಬುದನ್ನು ನಿಮಗೆ ಭತ್ತದ ಲೆಕ್ಕದಲ್ಲಿ ಹೇಳುತ್ತೇನೆ, ಇಲ್ಲಿ ಕೂತವರಲ್ಲಿ ಅರ್ಧ ಜನ ಗದ್ದೆ ಇದ್ದ ಮನೆಯವರು. ಸೋನಾ ಮಸೂರಿ ಐದು ತಿಂಗಳ ಬೆಳೆ, ಬೇರೆ ಕೆಲವು ತಳಿಗಳು ನಾಲ್ಕು ತಿಂಗಳಿಗೇ ಬರುತ್ತವೆ. ಆದರೆ ತೆನೆ ಹೂವಾಡಿದ ಮೇಲೆ ಕಾಳು ಗಟ್ಟಿಯಾಗುವುದಕ್ಕೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ತಿಂಗಳು. ವ್ಯತ್ಯಾಸವೆಲ್ಲ ಹೂವಿಗೆ ಮುಂಚೆ. ನಮ್ಮ ಮೈಯೂ ಹಾಗೆಯೇ. ಚಕ್ರದ ಮೊದಲ ಭಾಗದಲ್ಲಿ ಈಸ್ಟ್ರೋಜೆನ್ ಎಂಬ ರಸ (ಹಾರ್ಮೋನು) ಏರುತ್ತದೆ, ಅಂಡ ಬಲಿತು ಹೊರಬರುತ್ತದೆ. ಬಂದ ಮೇಲೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ರಸ ಏರುತ್ತದೆ, ಸುಮಾರು ಎರಡು ವಾರದ ನಂತರ ಎರಡೂ ಇಳಿದು ಸ್ರಾವ ಶುರುವಾಗುತ್ತದೆ. ಈ ಎರಡನೇ ಭಾಗ ಒಬ್ಬೊಬ್ಬಳಲ್ಲಿ ಹೆಚ್ಚು ಬದಲಾಗುವುದಿಲ್ಲ. ಜ್ವರ, ಪರೀಕ್ಷೆ, ಹೊಟ್ಟೆಗಿಲ್ಲದ ಉಪವಾಸ, ಮನೆಯ ಜಗಳ ಇವೆಲ್ಲ ಕಾಡುವುದು ಮೊದಲ ಭಾಗವನ್ನು. ಅಂಡ ಬಿಡುಗಡೆಯಾಗುವುದೇ ತಡವಾಗುತ್ತದೆ. ಆದ್ದರಿಂದ ಈ ಸಲ ಹತ್ತು ದಿನ ಮುಂದೆ ಹೋಯಿತು ಎಂದರೆ ಈ ವಾರ ಏನಾಯಿತು ಎಂದು ಹುಡುಕಬೇಡಿ, ಮೂರು ನಾಲ್ಕು ವಾರದ ಹಿಂದಿನ ಪುಟ ತಿರುಗಿಸಿ. ಮದುವೆಯಾದವರಿದ್ದರೆ ಒಂದು ಮಾತು: ಇದೇ ಕಾರಣಕ್ಕೆ ಬರೀ ತಾರೀಖು ಎಣಿಸಿ 'ಈ ದಿನ ಗರ್ಭ ನಿಲ್ಲುವುದಿಲ್ಲ' ಎಂದು ನಂಬಿಕೊಳ್ಳಬೇಡಿ. ನಂಬಿ ಬಂದವರ ಹೆಸರು ನನ್ನ ರಿಜಿಸ್ಟರಿನಲ್ಲಿ ಬೇಕಾದಷ್ಟಿವೆ.

ಇನ್ನು ಮನಸ್ಸು. ನಾನು ಇವತ್ತು ಬಂದದ್ದೇ ಇದನ್ನು ಹೇಳಲು.

ಎರಡನೇ ಭಾಗದ ಕೊನೆಯಲ್ಲಿ ಈ ಎರಡು ರಸಗಳು ಇಳಿಯುವಾಗ ಮಿದುಳಿಗೂ ಅದು ತಟ್ಟುತ್ತದೆ. ರಸದ ಪ್ರಮಾಣ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಇದ್ದರೂ ಕೆಲವರ ಮಿದುಳು ಆ ಏರಿಳಿತಕ್ಕೆ ಹೆಚ್ಚು ಮಿಡಿಯುತ್ತದೆ. ರಾಬರ್ಟ್ ಫ್ರಾಂಕ್ ಎಂಬ ಅಮೆರಿಕದ ವೈದ್ಯ 1931ರಲ್ಲಿ ಇದರ ಬಗ್ಗೆ ಬರೆದ. 1953ರಲ್ಲಿ ಇಂಗ್ಲೆಂಡಿನ ಕ್ಯಾಥರಿನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಇದಕ್ಕೆ ಈಗ ಎಲ್ಲರೂ ಹೇಳುವ ಪಿಎಂಎಸ್ (ಮುಟ್ಟಿಗೆ ಮುಂಚಿನ ತೊಂದರೆಗಳು) ಎಂಬ ಹೆಸರನ್ನು ರೂಢಿಗೆ ತಂದರು. ಡಾಲ್ಟನ್ ಸ್ವತಃ ವೈದ್ಯೆ. ಇಷ್ಟು ಚರಿತ್ರೆ ಸಾಕು. ನಮ್ಮಲ್ಲಿ ಆ ಹೆಸರಿಗಿಂತ ಅದರ ದುರುಪಯೋಗ ಮೊದಲು ಬಂದಿತು. ಹೆಂಗಸು ಸ್ವಲ್ಪ ದನಿ ಏರಿಸಿದರೆ ಸಾಕು, 'ಡೇಟ್ ಹತ್ತಿರ ಬಂದಿರಬೇಕು' ಎಂದು ಗಂಡಸರು ಕಣ್ಣು ಮಿಟುಕಿಸುತ್ತಾರೆ. ಅವಳು ಹೇಳಿದ ಮಾತು ಸರಿಯೋ ತಪ್ಪೋ ಎಂಬ ಪ್ರಶ್ನೆ ಅಲ್ಲಿಗೇ ಸತ್ತುಹೋಗುತ್ತದೆ. ಕಾಲಕ್ರಮೇಣ ಅವಳೂ ಅದನ್ನೇ ನಂಬುತ್ತಾಳೆ. ನಾನೂ ನಂಬಿದ್ದೆ.

ನನಗೆ ನಲವತ್ತರ ಆಸುಪಾಸು. ತಿಂಗಳಿಗೊಮ್ಮೆ ಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ, ಮಕ್ಕಳ ಮೇಲೆ ಕೈ ಎತ್ತುತ್ತಿದ್ದೆ, ರಾತ್ರಿ ಅಳುತ್ತಿದ್ದೆ. 'ನಿನ್ನ ದಿನಗಳು' ಎಂದು ಯಜಮಾನರು ಸುಮ್ಮನಾಗುತ್ತಿದ್ದರು. ಹೌದು, ಇರಬೇಕು ಎಂದುಕೊಂಡು ನಾನೂ ಸುಮ್ಮನಾಗುತ್ತಿದ್ದೆ. ಬೇರೆಯವರ ಮುಟ್ಟಿನ ಲೆಕ್ಕ ಬರೆದು ಜೀವನ ಮಾಡುವವಳು, ನನ್ನದನ್ನೇ ಬರೆದಿರಲಿಲ್ಲ. ಒಂದು ದಿನ ನಾಚಿಕೆಯಾಗಿ, ಉಳಿದಿದ್ದ ಒಂದು ಹಳೆಯ ಲಸಿಕೆ ರಿಜಿಸ್ಟರಿನ ಹಿಂದಿನ ಹಾಳೆಗಳಲ್ಲಿ ಶುರುಮಾಡಿದೆ. ದಿನಕ್ಕೆ ಒಂದೇ ಸಾಲು. ನಾಲ್ಕು ತಿಂಗಳಾದ ಮೇಲೆ ಕೂತು ನೋಡಿದೆ. ಸಿಟ್ಟಿನ ದಿನಗಳಿಗೆ ಕೆಂಪು ಗೆರೆ ಎಳೆದೆ. ಮುಟ್ಟಿನ ದಿನಗಳು ಒಂದು ಕಡೆ, ಕೆಂಪು ಗೆರೆಗಳು ಇನ್ನೊಂದು ಕಡೆ! ನಾಲ್ಕೂ ತಿಂಗಳು ಕೆಂಪು ಗೆರೆ ಬಿದ್ದದ್ದು 24, 25, 26ನೇ ತಾರೀಖಿನ ಸುತ್ತ. ಅದು ನಮಗೆ ತಿಂಗಳ ವರದಿ ಒಪ್ಪಿಸುವ ಹೊತ್ತು. ಆ ಸಭೆಯಲ್ಲಿ ಒಬ್ಬ ಅಧಿಕಾರಿ ನಮ್ಮನ್ನು ನಿಲ್ಲಿಸಿ, ಎಲ್ಲರ ಎದುರು ಗುರಿ ಮುಟ್ಟದ ಅಂಕಿಗಳನ್ನು ಓದಿಸುತ್ತಿದ್ದರು. ನನ್ನ ಗರ್ಭಕೋಶಕ್ಕೂ ಆ ಸಿಟ್ಟಿಗೂ ಸಂಬಂಧವೇ ಇರಲಿಲ್ಲ. ವರ್ಷಗಟ್ಟಲೆ ಒಂದು ಕಚೇರಿಯ ಪಾಪವನ್ನು ನನ್ನ ಮೈಯ ತಲೆಗೆ ಕಟ್ಟಿದ್ದೆ.

ಆ ಹಾಳೆಯನ್ನು ಯಜಮಾನರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿ, 'ಹಾಗಾದರೆ ಇಪ್ಪತ್ತೈದಕ್ಕೆ ನಾನೇ ಅಡುಗೆ ಮಾಡಲೇ?' ಎಂದರು. ಮಾಡಿದರು ಕೂಡ. ಸಾರಿಗೆ ಉಪ್ಪು ಹಾಕಿರಲಿಲ್ಲ.

ಇದರ ಉಲ್ಟಾ ಕೂಡ ಇದೆ. ನಮ್ಮ ಬಳಗದ ಒಬ್ಬ ಹುಡುಗಿ, ನಿಮ್ಮದೇ ವಯಸ್ಸು. ತಿಂಗಳಲ್ಲಿ ಒಂದು ವಾರ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು, 'ನಾನು ಯಾಕೆ ಇರಬೇಕು' ಎನ್ನುತ್ತಿದ್ದಳು. ಸ್ರಾವ ಶುರುವಾಗಿ ಎರಡು ದಿನಕ್ಕೆ ಮೋಡ ಸರಿದಂತೆ ನಗುನಗುತ್ತಾ ಹೊರಗೆ ಬರುತ್ತಿದ್ದಳು. ಮನೆಯವರು ದೇವರು ಕೇಳಿಸಿದರು, ತಾಯತ ಕಟ್ಟಿಸಿದರು. ಬರೆಯಲು ಹೇಳಿದೆ. ಎರಡೇ ಚಕ್ರದಲ್ಲಿ ಚಿತ್ರ ಕನ್ನಡಿಯಂತೆ ಕಂಡಿತು: ಪ್ರತಿ ಸಲ ಸರಿಯಾಗಿ ಏಳೆಂಟು ದಿನ ಮುಂಚೆ ಶುರು, ಎರಡನೇ ದಿನಕ್ಕೆ ಖಲಾಸ್. ಇಷ್ಟು ತೀವ್ರವಾದ ರೂಪವನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಒಂದು ಪ್ರತ್ಯೇಕ ಕಾಯಿಲೆ ಎಂದೇ ಸೇರಿಸಿಕೊಂಡಿತು. ಅದನ್ನು ಖಚಿತಪಡಿಸಲು ವೈದ್ಯರು ಕೇಳುವುದೇನು ಗೊತ್ತೇ? ಕಡೇಪಕ್ಷ ಎರಡು ಚಕ್ರಗಳ ದಿನವಹಿ ಬರಹ. ರಕ್ತ ಪರೀಕ್ಷೆಯಲ್ಲಿ ಅದು ಸಿಗುವುದಿಲ್ಲ, ಸ್ಕ್ಯಾನಿಂಗಿನಲ್ಲಿ ಕಾಣುವುದಿಲ್ಲ. ನೆನಪಿನಿಂದ ಹೇಳಿದ್ದನ್ನು ಅವರು ಪೂರಾ ನಂಬುವುದಿಲ್ಲ, ಏಕೆಂದರೆ ನೆನಪು ನನ್ನ ಹಾಗೆ ಮೋಸ ಹೋಗುತ್ತದೆ. ಆ ಹುಡುಗಿ ತನ್ನ ಪುಸ್ತಕ ಹಿಡಿದುಕೊಂಡು ವೈದ್ಯರ ಬಳಿಗೆ ಹೋದಳು. ಇದಕ್ಕೆ ಮಾತ್ರೆಗಳಿವೆ, ಚಕ್ರದ ಕೊನೆಯ ಎರಡು ವಾರ ಮಾತ್ರ ತೆಗೆದುಕೊಳ್ಳುವ ಕ್ರಮವೂ ಇದೆ. ಈಗ ಅವಳು ಕೆಲಸಕ್ಕೆ ಹೋಗುತ್ತಾಳೆ.

ನಿಮ್ಮಲ್ಲಿ ಯಾರಿಗಾದರೂ ಬದುಕೇ ಬೇಡ ಎನಿಸುತ್ತಿದ್ದರೆ ಎರಡು ಚಕ್ರ ಬರೆಯುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ.

ಏನು ಬರೆಯಬೇಕು? ರಾತ್ರಿ ಮಲಗುವ ಮುನ್ನ ಅರ್ಧ ನಿಮಿಷ. ಸ್ರಾವ ಇದ್ದರೆ ಒಂದು ಗುರುತು, ಹೆಚ್ಚಿದ್ದರೆ ಎರಡು. ಮೈಗೆ ಒಂದು ಪದ. ಮನಸ್ಸಿಗೆ ಒಂದು ಪದ. ಆಮೇಲೆ ಆ ದಿನದ ಸಂಗತಿ ಒಂದು. ಈ ಕೊನೆಯದನ್ನು ಬಿಡಬೇಡಿ, ನನ್ನನ್ನು ಉಳಿಸಿದ್ದು ಅದೇ. 'ರಾತ್ರಿ ಕರೆಂಟ್ ಇರಲಿಲ್ಲ' ಎಂಬುದೂ ಸಂಗತಿಯೇ. ಶಕ್ತಿನಗರದಲ್ಲಿ ನಾಡಿಗೆಲ್ಲ ವಿದ್ಯುತ್ ಮಾಡಿ ಕಳಿಸುವ ಜಿಲ್ಲೆ ನಮ್ಮದು. ಮೇ ತಿಂಗಳಲ್ಲಿ ಫ್ಯಾನ್ ತಿರುಗದೆ ಬೆಳಗಿನವರೆಗೆ ಬೀಸಣಿಗೆ ಆಡಿಸಿದವಳ ಮರುದಿನದ ಸಿಡುಕಿಗೆ ಹಾರ್ಮೋನನ್ನು ದೂರುವುದು ಅನ್ಯಾಯ.

ಮನಸ್ಸಿಗೆ ಒಂದರಿಂದ ಹತ್ತು ಅಂಕ ಕೊಡಿ ಎಂದು ಕೆಲವರು ಹೇಳಿಕೊಡುತ್ತಾರೆ. ನನಗೆ ಅದು ಒಗ್ಗಲಿಲ್ಲ. ಇವತ್ತಿನ ಆರಕ್ಕೂ ನಿನ್ನೆಯ ಐದಕ್ಕೂ ಏನು ವ್ಯತ್ಯಾಸ? ಕನ್ನಡದಲ್ಲಿ ಎಷ್ಟು ಪದಗಳಿವೆ ನೋಡಿ. ಮುನಿಸು ನಮ್ಮವರ ಮೇಲೆ ಮಾತ್ರ ಬರುತ್ತದೆ. ಬಸ್ ಕಂಡಕ್ಟರ್ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ, ಅವನ ಮೇಲೆ ಬರುವುದು ಸಿಟ್ಟು. ಸಿಡುಕಿಗೆ ಯಾರೂ ಬೇಕಿಲ್ಲ, ಬಿದ್ದ ಚಮಚವೂ ಸಾಕು. ತಳಮಳ ಎಂದರೆ ಎಸರು ಕುದಿದಂತೆ ಒಳಗೆಲ್ಲ ಅಲುಗಾಡುವುದು. ಬೇಗುದಿಯಲ್ಲಿ ಉರಿ ಇದೆ, ಹೊಗೆ ಹೊರಗೆ ಬರುವುದಿಲ್ಲ. ಬೇಸರ ಬೇರೆ, ದುಃಖ ಬೇರೆ. 'ಜೀವ ಹಗುರ' ಎಂಬುದನ್ನೂ ಬರೆಯಿರಿ. ಒಳ್ಳೆಯ ದಿನಗಳಿಗೂ ಲೆಕ್ಕ ಇರಲಿ. ನಾನು ಬರೆಯಲು ಶುರುಮಾಡಿದ ಮೊದಲ ವಾರ ಎಲ್ಲ ದಿನವೂ 'ಸಿಟ್ಟು' ಎಂದೇ ಬರೆದಿದ್ದೆ. ತಿಂಗಳು ಕಳೆಯುವುದರೊಳಗೆ ಅರ್ಧಕ್ಕರ್ಧ ಅದು ದಣಿವು ಎಂದು ಗೊತ್ತಾಯಿತು. ದಣಿವಿಗೆ ಮದ್ದು ಬೇರೆ.

ನಿಮ್ಮ ಊರಿನಿಂದ ಬರುವ ದಾರಿಯಲ್ಲಿ ಮಸ್ಕಿ ಇದೆ. 1915ರಲ್ಲಿ ಅಲ್ಲಿಯ ಬಂಡೆಯ ಮೇಲೆ ಅಶೋಕ ಎಂಬ ಹೆಸರು ಸಿಗುವ ತನಕ, ಶಾಸನಗಳ 'ದೇವಾನಾಂಪ್ರಿಯ' ಅವನೇ ಎಂದು ವಿದ್ವಾಂಸರು ಬೇರೆ ಸುಳುಹು ಹಿಡಿದು ಹೇಳಬೇಕಾಗಿತ್ತು. ಬರೆದ ಒಂದು ಹೆಸರು ಚರ್ಚೆ ನಿಲ್ಲಿಸಿತು. ಬಂಡೆ ಕೊರೆಯಲು ನಾನೇನೂ ಹೇಳುತ್ತಿಲ್ಲ, ಪೆನ್ಸಿಲ್ ಸಾಕು.

ಮೈಯ ಬಗ್ಗೆ ಬರೆದದ್ದು ಎಚ್ಚರಿಕೆಯನ್ನೂ ಕೊಡುತ್ತದೆ. ಸ್ರಾವ ಎಂಟು ದಿನ ದಾಟುತ್ತಿದ್ದರೆ, ಗಂಟೆಗೊಂದು ಪ್ಯಾಡ್ ಒದ್ದೆಯಾಗುತ್ತಿದ್ದರೆ, ಮೂರು ತಿಂಗಳು ಬಾರದೇ ಇದ್ದರೆ, ನೋವಿಗೆ ಪ್ರತಿ ತಿಂಗಳು ತರಗತಿ ತಪ್ಪುತ್ತಿದ್ದರೆ ಪುಸ್ತಕ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ. 'ಮನಸ್ಸಿಲ್ಲ, ಏನೂ ಬೇಡ' ಎಂದು ನೀವು ಬರೆಯುವ ಎಷ್ಟೋ ದಿನ ಕೊರತೆ ಇರುವುದು ಕಬ್ಬಿಣದ್ದು. ಶಾಲೆಯಲ್ಲಿ ವಾರಕ್ಕೊಂದು ಕೊಡುತ್ತಿದ್ದ ನೀಲಿ ಮಾತ್ರೆಯನ್ನು ಕಿಟಕಿಯಿಂದ ಎಸೆದವರು ಯಾರೆಂದು ನಾನು ಕೇಳುವುದಿಲ್ಲ.

ಇನ್ನೊಂದು ಮಾತ್ರೆ ಇದೆ, ಅದನ್ನು ಯಾರೂ ಎಸೆಯುವುದಿಲ್ಲ. ಹುಲಿಗಿ ಹುಣ್ಣಿಮೆಗೆ ಹೋಗಬೇಕು, ಗವಿಮಠದ ಜಾತ್ರೆಗೆ ಹೋಗಬೇಕು, ಮನೆಯಲ್ಲಿ ಮದುವೆ ಎಂದು ಔಷಧ ಅಂಗಡಿಯಲ್ಲಿ ಕೇಳಿ ತಂದು ನುಂಗುವುದು. ಮುಟ್ಟು ಮುಂದೂಡುವ ಮಾತ್ರೆ. ಬಿಟ್ಟ ಎರಡು ಮೂರು ದಿನಕ್ಕೆ ಸ್ರಾವ ಬರುತ್ತದೆ, ಆ ತಿಂಗಳ ಲೆಕ್ಕ ನಿಮ್ಮ ಮೈಯದಾಗಿರುವುದಿಲ್ಲ, ಮಾತ್ರೆಯದಾಗಿರುತ್ತದೆ. ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ; ತೆಗೆದುಕೊಂಡರೆ ಪುಸ್ತಕದಲ್ಲಿ ನಮೂದಿಸಿ. ನನಗೆ ಇದರಲ್ಲಿ ಬೇರೆಯೇ ಬೇಸರವಿದೆ. ಹನ್ನೆರಡನೇ ಶತಮಾನದಲ್ಲಿ ಶರಣರು ಐದು ಸೂತಕಗಳನ್ನೂ ಬಿಡಿ ಎಂದರು, ಮುಟ್ಟಿನದು ಆ ಐದರಲ್ಲಿ ಒಂದು. ಲಿಂಗ ಕಟ್ಟಿಕೊಂಡ ಮನೆಗಳಲ್ಲೇ ಇವತ್ತಿಗೂ 'ಹೊರಗಾಗಿದ್ದಾಳೆ', 'ಕಾಗೆ ಮುಟ್ಟಿದೆ' ಎಂದು ಹುಡುಗಿಯನ್ನು ಮೂಲೆಗೆ ಕೂರಿಸುವುದನ್ನು ಕಂಡಿದ್ದೇನೆ. ಎಂಟುನೂರು ವರ್ಷದ ಮಾತು ಮನೆಯ ಹೊಸ್ತಿಲು ದಾಟಿಲ್ಲ.

ರಜೆಯ ವಿಷಯವನ್ನೂ ಹೇಳಿಬಿಡುತ್ತೇನೆ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಕೆಸರಿನಲ್ಲಿ ಬಗ್ಗಿ ನಾಟಿ ಮಾಡುವ, ಮೆಣಸಿನಕಾಯಿ ಬಿಡಿಸುವ ನಿಮ್ಮ ಅವ್ವಂದಿರಿಗೆ ಆ ದಿನದ ಕೂಲಿ ಯಾರು ಕೊಡುತ್ತಾರೆ ಎಂಬುದು ಉಳಿದೇ ಇದೆ.

ಮಾತು ಮುಗಿದ ಮೇಲೆ ಚೀಟಿಯಲ್ಲಿ ಪ್ರಶ್ನೆಗಳು ಬಂದವು.

ಮೊಬೈಲ್ ಆ್ಯಪ್ ಸಾಲದೇ ಎಂದು ಒಬ್ಬಳು ಕೇಳಿದ್ದಳು. ಸಾಕು, ನಿಮಗೆ ಅದೇ ಸಲೀಸಾದರೆ ಬಳಸಿ. ಆದರೆ ಅದು ಹೇಳುವ ಮುಂದಿನ ತಾರೀಖು ಹಿಂದಿನ ತಾರೀಖುಗಳ ಮೇಲೆ ಮಾಡಿದ ಅಂದಾಜು ಅಷ್ಟೇ, ಜ್ಯೋತಿಷ್ಯವೆಂದು ತಿಳಿಯಬೇಡಿ. ಇನ್ನೊಂದು, ನೀವು ತುಂಬಿದ ಗುಟ್ಟು ಎಲ್ಲಿಗೆ ಹೋಗುತ್ತದೆ? 2021ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಇಂಥದ್ದೇ ಒಂದು ಜನಪ್ರಿಯ ಆ್ಯಪನ್ನು, ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಬೇರೆ ಕಂಪನಿಗಳಿಗೆ ಕೊಟ್ಟಿತೆಂದು ಹಿಡಿದು ಕಟ್ಟುಪಾಡು ಹಾಕಿತು. ನನ್ನ ಲಸಿಕೆ ರಿಜಿಸ್ಟರು ಯಾರಿಗೂ ಏನೂ ಹೇಳಿಲ್ಲ.

ಹುಣ್ಣಿಮೆ ಅಮಾವಾಸ್ಯೆಗೂ ಮುಟ್ಟಿಗೂ ನಂಟಿದೆಯೇ? ಚಂದ್ರನ ಸುತ್ತು ಇಪ್ಪತ್ತೊಂಬತ್ತೂವರೆ ದಿನ, ನಮ್ಮದು ಅದರ ಹತ್ತಿರ. ಹತ್ತಿರವಿದ್ದ ಮಾತ್ರಕ್ಕೆ ನಂಟೆಂದು ಹೇಳಲಾಗದು. ಎರಡು ವರ್ಷ ಬರೆದು ನೋಡಿ, ನಿಮ್ಮದು ಅಮಾವಾಸ್ಯೆಯಿಂದ ಸರಿದು ಸರಿದು ಹುಣ್ಣಿಮೆಗೆ ಬಂದಿರುವುದನ್ನು ನೀವೇ ಕಾಣಬಹುದು.

'ನಮ್ಮ ಅವ್ವನಿಗೆ ನಲವತ್ತೇಳು, ಎರಡು ತಿಂಗಳಿಗೊಮ್ಮೆ ಆಗುತ್ತಿದೆ, ಸುಮ್ಮಸುಮ್ಮನೆ ಅಳುತ್ತಾಳೆ' ಎಂದು ಇನ್ನೊಂದು ಚೀಟಿ. ಅವಳಿಗೆ ನಿಮಗಿಂತ ಮೊದಲು ಪುಸ್ತಕ ಬೇಕು. ನಿಲ್ಲುವ ಮುಂಚಿನ ವರ್ಷಗಳಲ್ಲಿ ಚಕ್ರ ದಿಕ್ಕು ತಪ್ಪುತ್ತದೆ, ಮೈಯೆಲ್ಲ ಬಿಸಿಯೇರುತ್ತದೆ, ನಿದ್ದೆ ಹಾರುತ್ತದೆ. ಹನ್ನೆರಡು ತಿಂಗಳು ಪೂರ್ತಿ ಬರದಿದ್ದರೆ ನಿಂತಿತು ಎಂದರ್ಥ. ಆಮೇಲೆ ಒಂದು ಹನಿ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಆ ಹನ್ನೆರಡು ತಿಂಗಳು ಆಯಿತೋ ಇಲ್ಲವೋ ಎಂಬುದು ಬರೆದವಳಿಗೆ ಮಾತ್ರ ಗೊತ್ತಾಗುತ್ತದೆ. ಅವ್ವನಿಗೆ ಬರೆಯಲು ಬಾರದಿದ್ದರೆ ನೀನು ಬರೆ. ರಾತ್ರಿ ಊಟವಾದ ಮೇಲೆ 'ಇವತ್ತು ಹೇಗಿದ್ದೆ ಅವ್ವಾ?' ಎಂದು ಕೇಳು. ಬಹುಶಃ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಕ್ಕಿಲ್ಲ.

ಎಲ್ಲರೂ ಬಸ್ಸಿಗೆ ಓಡಿದ ಮೇಲೆ ಒಬ್ಬಳು ಉಳಿದಳು. ತುರ್ವಿಹಾಳದ ಕಡೆಯವಳು. ಬ್ಯಾಗಿನ ಪಟ್ಟಿ ತಿರುವುತ್ತಾ ಕೇಳಿದಳು: 'ಅಕ್ಕಾ, ಪುಸ್ತಕ ಎಲ್ಲಿ ಇಡಲಿ? ನಮ್ಮ ಅಣ್ಣ ಎಲ್ಲ ತೆಗೆದು ನೋಡುತ್ತಾನೆ.'

'ಪುಸ್ತಕ ಬೇಡ ಬಿಡು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದರ ಕೆಳಗೆ ಸಣ್ಣ ಚುಕ್ಕಿ ಇಡು. ಮನಸ್ಸು ಹಗುರವಿದ್ದರೆ ಚುಕ್ಕಿ ಮೇಲೆ, ಭಾರವಿದ್ದರೆ ಕೆಳಗೆ. ನೋಡಿದವರು ಹಾಲು ಎಂದುಕೊಳ್ಳುತ್ತಾರೆ.'

ಅವಳು ಸ್ವಲ್ಪ ಯೋಚಿಸಿದಳು. 'ಹಾಲಿನ ಲೆಕ್ಕ ಅಪ್ಪ ಬರೆಯುತ್ತಾರೆ ಅಕ್ಕಾ. ತಿಂಗಳ ಕೊನೆಗೆ ಚುಕ್ಕಿಯನ್ನೂ ಕೂಡಿಸಿ ಹಾಲಿನವನ ಜೊತೆ ಜಗಳ ತೆಗೆದರೆ?'

ಇಬ್ಬರೂ ನಕ್ಕೆವು. ಕೊನೆಗೆ ರಂಗೋಲಿ ಪುಸ್ತಕ ಎಂದು ತೀರ್ಮಾನವಾಯಿತು. ಚುಕ್ಕಿಗಳ ನಡುವೆ ಚುಕ್ಕಿ, ಅಣ್ಣ ಅದನ್ನು ಮುಟ್ಟುವುದೂ ಇಲ್ಲ. ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರ್ನ್ ಕೇಳಿತು, ಅವಳು ದುಪಟ್ಟಾ ಸರಿಮಾಡಿಕೊಂಡು ಓಡಿದಳು.